ಆಸ್ಪತ್ರೆಗೆ ಕೊಡುವ ಮೊದಲು ವಾರ್ಡಿನ ಸಿಸ್ಟರನ್ನು ಕೇಳಿ

ನಾನು ಉಡುಪಿಯಲ್ಲಿ ಪಿಗ್ಮಿ, ಅಂದರೆ ಬ್ಯಾಂಕಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ಇಡುವ ಉಳಿತಾಯ, ಅದರ ಕಲೆಕ್ಷನ್ ಮಾಡುವವನು. ಸಂತೆಕಟ್ಟೆಯಿಂದ ಬ್ರಹ್ಮಾವರದವರೆಗೆ, 26 ವರ್ಷದಿಂದ. ಹೂವಿನವರು, ಸೆಲೂನಿನವರು, ಹೋಟೆಲಿನವರು, ಮೀನು ಮಾರುವ ಅಕ್ಕಂದಿರು, ಎಲ್ಲರ ಕೈಯಿಂದ ದಿನಾ ಹತ್ತು, ಇಪ್ಪತ್ತು, ಐವತ್ತು ತೆಗೆದುಕೊಂಡು ರಸೀದಿ ಕೊಡುತ್ತೇನೆ. ಆಸ್ಪತ್ರೆಗೆ ಏನಾದರೂ ಕೊಡಬೇಕು, ಹೇಗೆ ಕೊಡುವುದು ಎಂದು ಈಗೀಗ ಅಂಗಡಿಯವರು ನನ್ನನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೈಕ್ ನಿಲ್ಲಿಸಿ ಹೇಳುವಷ್ಟು ಹೊತ್ತು ಇರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ನಮ್ಮಮ್ಮನಿಂದ. ಎಂಟು ವರ್ಷದ ಹಿಂದೆ ಅಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋಯಿತು. ನಮ್ಮ ಕಡೆಯ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯಲ್ಲಿ 23 ದಿನ ಇದ್ದರು, ಅಲ್ಲೇ ತೀರಿಕೊಂಡರು. ರಾತ್ರಿ ಅಮ್ಮನ ಹತ್ತಿರ ನಾನೇ ಇರುತ್ತಿದ್ದೆ.

ರಾತ್ರಿ ಎರಡು ಗಂಟೆಗೆ ಇಬ್ಬರು ಸಿಸ್ಟರ್ ಬರುತ್ತಿದ್ದರು. ಅಮ್ಮನ ಭುಜದಿಂದ ತೊಡೆಯವರೆಗೆ ಅಡಿಯಲ್ಲಿ ಒಂದು ಬೆಡ್‌ಶೀಟ್ ಮಡಚಿ ಹಾಕಿರುತ್ತಿತ್ತು. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಅದರ ಅಂಚನ್ನು ಮೈಯ ಹತ್ತಿರದವರೆಗೆ ಸುತ್ತಿ ಹಿಡಿಯುವರು. ಒಂದು, ಎರಡು, ಮೂರು ಎಂದು ಮೆಲ್ಲ ಎಣಿಸಿ ಒಟ್ಟಿಗೆ ಎತ್ತುವರು. ಎಳೆಯುತ್ತಿರಲಿಲ್ಲ, ಎತ್ತುತ್ತಿದ್ದರು. ಎಳೆದರೆ ಚರ್ಮ ಉಜ್ಜಿ ಹೋಗುತ್ತದೆ. ಎಡಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ಒಂದು ದಿಂಬು, ಎರಡು ಮೊಣಕಾಲಿನ ನಡುವೆ ಒಂದು ದಿಂಬು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲಡಿಗೆ ಇನ್ನೊಂದು. ಆಮೇಲೆ ಒಬ್ಬರು ಟಾರ್ಚ್ ಹಾಕಿ ಬೆನ್ನಿನ ಕೆಳಗಡೆ, ಬಾಲದ ಎಲುಬಿನ ಹತ್ತಿರ ನೋಡುತ್ತಿದ್ದರು. ಅಲ್ಲಿ ಕೆಂಪಗಾಗಿದ್ದರೆ ಬೆರಳಿನಿಂದ ಒತ್ತುವರು. ಒತ್ತಿದಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ ಸಮಾಧಾನ. ಒತ್ತಿದರೂ ಕೆಂಪು ಹಾಗೇ ನಿಂತರೆ ಹುಣ್ಣು ಶುರುವಾಗುತ್ತಿದೆ ಎಂದು ಅರ್ಥ. ಕೊನೆಗೆ ಅಂಗೈಯನ್ನು ಅಮ್ಮನ ಮೈಯಡಿಗೆ ತೂರಿಸಿ ಶೀಟಿನಲ್ಲಿ ನೆರಿಗೆ ಇದೆಯಾ ಎಂದು ಸವರಿ ನೋಡುವರು. ಚಾರ್ಟಿನಲ್ಲಿ ಬರೆಯುವರು: 2 ಗಂಟೆ, ಎಡ. ನಾಲ್ಕಕ್ಕೆ ಮತ್ತೆ ಬರುವರು.

ಒಬ್ಬ ಸಿಸ್ಟರ್ ಕೇರಳದವರು. ಕನ್ನಡ ಅಷ್ಟಕ್ಕಷ್ಟೆ. ಆದರೆ ತಿರುಗಿಸುವ ಮೊದಲು ಪ್ರತಿ ಸಲ ಅಮ್ಮನ ಕಿವಿಯ ಹತ್ತಿರ ಬಾಗಿ ತುಳುವಿನಲ್ಲಿ ಕೇಳುತ್ತಿದ್ದರು, "ಬೇನೆ ಉಂಡಾ?" (ನೋವಿದೆಯಾ?) ಅಮ್ಮನಿಗೆ ಮಾತು ಹೋಗಿತ್ತು. ಕಣ್ಣು ಮುಚ್ಚಿ ತೆರೆಯುತ್ತಿದ್ದರು.

ದಿನಕ್ಕೆ 12 ಸಲ, 23 ದಿನ, ಒಟ್ಟು 276 ಸಲ. ಲೆಕ್ಕ ಹಾಕುವುದು ನನ್ನ ಅಭ್ಯಾಸ. ಅಮ್ಮನ ಮೈಮೇಲೆ ಒಂದೇ ಒಂದು ಹುಣ್ಣು ಆಗಲಿಲ್ಲ. ಮೀಯಿಸುವಾಗ ನಮ್ಮ ದೊಡ್ಡಮ್ಮ ಅದನ್ನೇ ಹೇಳಿ ಹೇಳಿ ಅತ್ತರು.

ಬೊಜ್ಜದ (ಉತ್ತರಕ್ರಿಯೆಯ) ಹೊತ್ತಿಗೆ ಮುಂಬೈಯಿಂದ ಬಂದ ಅಣ್ಣ, ಅಮ್ಮನ ಹೆಸರಿನಲ್ಲಿ ಆಸ್ಪತ್ರೆಗೆ ಏನಾದರೂ ಕೊಡೋಣ ಎಂದ. ಎಲ್ಲರೂ ಒಪ್ಪಿದೆವು. ವೀಲ್‌ಚೇರ್ ಕೊಡೋಣ, ಹಿಂದೆ ಹೆಸರು ಬರೆಸೋಣ ಎಂದು ಮಾತಾಯಿತು. ನನಗೆ ಏನನ್ನಿಸಿತೋ, ಮೊದಲು ಹೋಗಿ ಕೇಳಿ ಬರುತ್ತೇನೆ ಎಂದೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋದರು. ಅಲ್ಲಿ ಏಳು ವೀಲ್‌ಚೇರ್ ಸಾಲಾಗಿ ನಿಂತಿದ್ದವು. ಏಳರ ಹಿಂದೆಯೂ ಹೆಸರು. ಅವರು ಮೆಲ್ಲಗೆ ಹೇಳಿದರು, "ಅಣ್ಣ, ನಮ್ಮ ಹತ್ತಿರ ಇಡೀ ವಾರ್ಡಿಗೆ ಇರುವುದು ಒಂಬತ್ತು ದಿಂಬು."

ನನಗೆ ಹೇಳಲಿಕ್ಕಿರುವುದು ಮುಖ್ಯವಾಗಿ ಇಷ್ಟೇ. ಏನು ಕೊಡಬೇಕೆಂದು ಮನೆಯಲ್ಲಿ ಕೂತು ತೀರ್ಮಾನ ಮಾಡಬೇಡಿ. ರೋಗಿಯ ಮೈ ಮುಟ್ಟಿ ಕೆಲಸ ಮಾಡುವವರನ್ನು ಕೇಳಿ.

ಕೇಳುವುದಕ್ಕೂ ಒಂದು ಹೊತ್ತಿದೆ. ನಮ್ಮ ಆಸ್ಪತ್ರೆಯಲ್ಲಿ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಡ್ಯೂಟಿ ಬದಲಾಗುತ್ತದೆ. ಆಗ ಒಂದು ಪಾಳಿಯವರು ಇನ್ನೊಂದು ಪಾಳಿಯವರಿಗೆ ಒಬ್ಬೊಬ್ಬ ರೋಗಿಯ ವಿಷಯವನ್ನೂ ಒಪ್ಪಿಸುತ್ತಿರುತ್ತಾರೆ. ಆ ಹೊತ್ತಿನಲ್ಲಿ ಮಾತಾಡಿಸಿದರೆ ಯಾರದೋ ಮದ್ದಿನ ವಿಷಯ ತಪ್ಪಿ ಹೋಗಬಹುದು. ಡಾಕ್ಟರ್ ರೌಂಡ್ಸಿನ ಹೊತ್ತೂ ಬೇಡ. ಮೂರೂವರೆ ಗಂಟೆ ಒಳ್ಳೆಯದು. ಫೋನ್ ಮಾಡಿ ಹೋಗಿ. ಮೊದಲು ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ತಿಳಿಸಿ, ಅವರ ಒಪ್ಪಿಗೆಯಿಂದ ವಾರ್ಡಿಗೆ ಹೋಗಿ. ಅವರನ್ನು ಬಿಟ್ಟು ನೇರ ವಾರ್ಡಿಗೆ ಹೋದರೆ ಕೆಳಗಿನ ಸಿಸ್ಟರಿಗೆ ಮಾತು ಬರುತ್ತದೆ.

"ಏನು ಬೇಕು?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಸಂಕೋಚಕ್ಕೆ "ಏನೂ ಬೇಡ, ನೀವು ಕೊಟ್ಟದ್ದು ಸಾಕು" ಎನ್ನುತ್ತಾರೆ. ಇಲ್ಲವೇ ಆಡಳಿತದವರು ದೊಡ್ಡ ಮೆಷಿನ್ ಹೆಸರು ಹೇಳುತ್ತಾರೆ. ನಾನು ಕೇಳುವುದು ಹೀಗೆ: "ನಿನ್ನೆ ರಾತ್ರಿ ಡ್ಯೂಟಿಯಲ್ಲಿ ಯಾವ ವಸ್ತುವನ್ನು ಹುಡುಕಿಕೊಂಡು ಬೇರೆ ವಾರ್ಡಿಗೆ ಓಡಬೇಕಾಯಿತು?" ಈ ಪ್ರಶ್ನೆಗೆ ಸರಿಯಾದ ಉತ್ತರ ಬಂದೇ ಬರುತ್ತದೆ. ನನಗೆ ಮೊದಲ ಸಲ ಸಿಕ್ಕಿದ ಉತ್ತರ ಬಿಪಿ ನೋಡುವ ಪಟ್ಟಿ, ದೊಡ್ಡ ಸೈಜಿನದು. ತೋಳು ದಪ್ಪ ಇರುವವರಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅದನ್ನು ನಂಬಿ ಮದ್ದು ಕೊಟ್ಟರೆ? ಇಡೀ ಮಹಡಿಗೆ ಒಂದೇ ದೊಡ್ಡ ಪಟ್ಟಿ ಇತ್ತು. ಅಂಥ ಮೂರು ಪಟ್ಟಿಗೆ ಒಂದು ವೀಲ್‌ಚೇರಿನಷ್ಟು ಖರ್ಚೂ ಆಗಲಿಲ್ಲ.

ಬೇರೆ ಸಲ ಬಂದ ಉತ್ತರಗಳು: ದಿಂಬು ಮತ್ತು ಅದಕ್ಕೆ ಒರೆಸಲು ಬರುವ ರೆಕ್ಸಿನ್ ಕವರ್. ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಆಕ್ಸಿಮೀಟರ್. ಕುರ್ಚಿಯ ಹಾಗಿನ ಕಮೋಡ್. ಏರ್ ಬೆಡ್ಡಿಗೆ ಒಂದು ಹೆಚ್ಚಿನ ಪಂಪ್. ಏರ್ ಬೆಡ್ ಬಗ್ಗೆ ಒಂದು ಮಾತು. ತುಂಬಾ ಜನ ಅದನ್ನು ಕೊಡುತ್ತಾರೆ, ಒಳ್ಳೆಯದೇ. ಆದರೆ ಏರ್ ಬೆಡ್ ಇದ್ದರೂ ರೋಗಿಯನ್ನು ತಿರುಗಿಸಲೇ ಬೇಕು. ತಿರುಗಿಸಲು ಇಬ್ಬರು ಬೇಕು.

ಜನ ಬೇಕು ಎನ್ನುವ ಮಾತೇ ಎಲ್ಲಕ್ಕಿಂತ ದೊಡ್ಡದು. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ 5 ರೋಗಿಗೆ ಒಬ್ಬ ನರ್ಸ್ ಇರಬೇಕು ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾಪನ. ರಾತ್ರಿ ಪಾಳಿಯಲ್ಲಿ ಒಮ್ಮೆ ನಿಂತು ನೀವೇ ಎಣಿಸಿ ನೋಡಿ. ಅಮೆರಿಕದ ಪೆನ್ಸಿಲ್ವೇನಿಯದ ಆಸ್ಪತ್ರೆಗಳ ಬಗ್ಗೆ ಲಿಂಡಾ ಐಕನ್ ಮತ್ತು ಸಂಗಡಿಗರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳಲ್ಲಿ ಒಬ್ಬರು ಹೆಚ್ಚಾದರೆ ಸಾಕು, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚುತ್ತದೆ ಎಂದು ಅದರಲ್ಲಿ ಕಂಡಿತು. ಇದನ್ನು ನನಗೆ ಹೇಳಿದವರು ನಮ್ಮ ಸೂಪರಿಂಟೆಂಡೆಂಟ್ ಸಿಸ್ಟರ್. ಅವತ್ತಿಂದ ನನಗೆ ಆಸ್ಪತ್ರೆ ಎಂದರೆ ಮೊದಲು ಕಾಣುವುದು ಕಟ್ಟಡ ಅಲ್ಲ, ಎಷ್ಟು ಜನ ಸಿಸ್ಟರ್ ಇದ್ದಾರೆ ಎನ್ನುವುದು.

ಹಾಗಾದರೆ ಸಂಬಳಕ್ಕೇ ಕೊಡಬಹುದಾ? ಕೊಡಬಹುದು, ಆದರೆ ನಾಲ್ಕೈದು ಕುಟುಂಬ ಸೇರಿ ಕೊಡಿ. ಎರಡು ವರ್ಷಕ್ಕಾದರೂ ಮಾತು ಕೊಡಿ. ಮೂರು ತಿಂಗಳಿಗೆ ಎಂದು ಕೊಟ್ಟರೆ ಮೂರು ತಿಂಗಳಾದ ಮೇಲೆ ಒಬ್ಬ ಹುಡುಗಿಯ ಕೆಲಸ ಹೋಗುತ್ತದೆ. ಅದು ದಾನ ಅಲ್ಲ.

ನಮ್ಮಂಥವರ ಕೈಗೆ ಎಟಕುವುದು ಇನ್ನೊಂದಿದೆ, ಕಲಿಕೆ. ಹೃದಯ ನಿಂತವರ ಎದೆ ಒತ್ತಿ ಉಳಿಸುವ ತರಬೇತಿ, ಗಾಯದ ಆರೈಕೆ, ಮಕ್ಕಳ ವಾರ್ಡಿನ ತರಬೇತಿ. ಮಂಗಳೂರು, ಮಣಿಪಾಲದಲ್ಲಿ ದೊಡ್ಡ ಆಸ್ಪತ್ರೆಗಳೂ ನರ್ಸಿಂಗ್ ಕಾಲೇಜುಗಳೂ ಇರುವುದರಿಂದ ಕಲಿಯಲು ನಮ್ಮವರು ದೂರ ಹೋಗಬೇಕಾಗಿಲ್ಲ. ಒಂದು ವರ್ಷ ನಾವು, ಅಂದರೆ ನನ್ನ ಕಲೆಕ್ಷನ್ನಿನ ಅಂಗಡಿಯವರ ಗುಂಪು, ಇಬ್ಬರು ಸಿಸ್ಟರ್‌ಗಳ ತರಬೇತಿ ಫೀಸ್ ಕಟ್ಟಿದೆವು. ತಿಂಗಳು ಎರಡಾಯಿತು, ಮೂರಾಯಿತು, ಅವರು ಹೋಗಲೇ ಇಲ್ಲ. ಕೇಳಿದರೆ, "ನಾವು ಹೋದರೆ ವಾರ್ಡ್ ನೋಡುವವರು ಯಾರು?" ಎಂದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಆಮೇಲಿಂದ ಫೀಸಿನ ಜೊತೆಗೆ ಬಸ್ ಚಾರ್ಜು, ಊಟ, ಮತ್ತು ಆ ದಿನಗಳಿಗೆ ಬದಲಿ ಡ್ಯೂಟಿ ಮಾಡುವವರ ಸಂಬಳ, ಮೂರನ್ನೂ ಸೇರಿಸಿಯೇ ಕೊಡುತ್ತೇವೆ. ತರಬೇತಿಗೆ ಕೊಡುವವರು ದಯವಿಟ್ಟು ಇದನ್ನು ಮರೆಯಬೇಡಿ.

"ಕಲಿಸಿದ ಮೇಲೆ ಅವರು ದುಬೈಗೋ ಇಂಗ್ಲೆಂಡಿಗೋ ಹೋದರೆ?" ಎಂದು ನಮ್ಮ ಗುಂಪಿನಲ್ಲೂ ಒಬ್ಬರು ಕೇಳಿದರು. ಬಾಂಡ್ ಬರೆಸಿಕೊಳ್ಳೋಣ ಎಂದರು. ನಾನು ಒಪ್ಪಲಿಲ್ಲ. ಒಳ್ಳೆಯ ಸಂಬಳ ಸಿಗುವಲ್ಲಿಗೆ ಹೋಗುವುದು ಅವರ ಹಕ್ಕು. ನಾವು ಕೇಳಿಕೊಳ್ಳುವುದು ಒಂದೇ: ಕಲಿತು ಬಂದ ಒಂದು ತಿಂಗಳೊಳಗೆ ವಾರ್ಡಿನ ಉಳಿದವರಿಗೆ ಮೂರು ಮಧ್ಯಾಹ್ನ ಹೇಳಿಕೊಡಬೇಕು. ಹೋದವರು ಹೋದರೂ ಕಲಿಕೆ ವಾರ್ಡಿನಲ್ಲಿ ಉಳಿಯುತ್ತದೆ.

ಕಲಿಕೆಗೆ ಹಣ ಕೊಡುವುದರ ಹಿಂದೆ ದೊಡ್ಡ ಕಥೆಯೇ ಇದೆ. ಕ್ರಿಮಿಯಾ ಯುದ್ಧದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಮಾಡಿದ ಸೇವೆಗೆ ಕೃತಜ್ಞತೆಯೆಂದು 1855ರಲ್ಲಿ ಲಂಡನ್ನಿನಲ್ಲಿ ಜನ ಹಣ ಕೂಡಿಸತೊಡಗಿದರು. 40 ಸಾವಿರ ಪೌಂಡಿಗಿಂತ ಜಾಸ್ತಿ ಸೇರಿತು. ಅದರಿಂದ 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ನರ್ಸಿಂಗ್ ಎಂದರೆ ಕಲಿತು ಮಾಡುವ ವೃತ್ತಿ ಎಂದು ಜಗತ್ತು ಒಪ್ಪಿದ್ದರಲ್ಲಿ ಜನ ಕೊಟ್ಟ ಆ ಹಣದ ಪಾಲು ದೊಡ್ಡದು. ರೋಗಿಗಳಿಗಾಗಿ ಹೀಗೆ ಮುಂದೆ ಬರುವುದು ನಮ್ಮೂರಿಗೂ ಹೊಸತಲ್ಲ. ನಾನು ಹುಟ್ಟಿದ್ದು ಉಡುಪಿಯ ಮಿಷನ್ ಆಸ್ಪತ್ರೆಯಲ್ಲಿ. 1923ರಲ್ಲಿ ಅದನ್ನು ಶುರು ಮಾಡಿದವರು ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಈವಾ ಲೊಂಬಾರ್ಡ್. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ಶುರು ಮಾಡಿದ್ದೇ ಇವತ್ತು ಅಷ್ಟು ದೊಡ್ಡ ಆಸ್ಪತ್ರೆಯಾಗಿದೆ.

ಮೆಷಿನ್ ಕೊಡುವವರಿಗೆ ಒಂದು ಎಚ್ಚರಿಕೆ. ಒಂದು ಆಸ್ಪತ್ರೆಯಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ಮಾನಿಟರ್ ಬಟ್ಟೆ ಮುಚ್ಚಿಕೊಂಡು ಮೂಲೆಯಲ್ಲಿ ಕೂತದ್ದನ್ನು ನೋಡಿದ್ದೇನೆ. ಹಾಳಾದದ್ದು ಬೆರಳಿಗೆ ಹಾಕುವ ವಯರ್ ಮಾತ್ರ. ಅದನ್ನು ತರಿಸಲು ಯಾವ ಲೆಕ್ಕದಿಂದ ಹಣ ತೆಗೆಯುವುದು ಎಂದು ಯಾರಿಗೂ ಗೊತ್ತಿರಲಿಲ್ಲ. ಮೆಷಿನ್ ಕೊಳ್ಳುವಾಗಲೇ ಕೇಳಿ: ವಾರಂಟಿ ಎಷ್ಟು ವರ್ಷ, ಆಮೇಲೆ ಸರ್ವಿಸಿಗೆ ವರ್ಷಕ್ಕೆ ಎಷ್ಟು, ಸವೆಯುವ ಭಾಗ ಯಾವುದು, ಅದು ಮಂಗಳೂರಿನಲ್ಲೇ ಸಿಗುತ್ತದಾ. ಒಂದು ಲಕ್ಷ ಇದ್ದರೆ 70 ಸಾವಿರದ ಮೆಷಿನ್ ತೆಗೆಯಿರಿ, 30 ಸಾವಿರ ಅದರ ರಿಪೇರಿಗೆಂದೇ ಬರೆದು ಕೊಡಿ. ಇದು ನನ್ನ ಲೆಕ್ಕ, ಇದುವರೆಗೆ ಸರಿಹೋಗಿದೆ.

ಹಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಯಾರ ಸ್ವಂತ ಖಾತೆಗೂ ಹಾಕಬೇಡಿ, ಟ್ರಸ್ಟಿನ ಖಾತೆಗೇ ಹಾಕಿ. ಚೆಕ್ ಅಥವಾ ಯುಪಿಐ ಒಳ್ಳೆಯದು. ತೆರಿಗೆ ವಿನಾಯಿತಿ ಬೇಕಾದವರು 80ಜಿ ನೋಂದಣಿ ಇದೆಯಾ ಎಂದು ಮೊದಲೇ ಕೇಳಿ ಪ್ಯಾನ್ ನಂಬರ್ ಕೊಡಿ. ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ವಿನಾಯಿತಿ ಇಲ್ಲ. ವಸ್ತುವಾಗಿ ಕೊಟ್ಟರೂ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ವಿನಾಯಿತಿ ಬೇಕಿದ್ದರೆ ಹಣ ಟ್ರಸ್ಟಿಗೆ ಕೊಡಿ, ವಸ್ತು ಅವರೇ ಕೊಳ್ಳಲಿ. ಹಣದ ಜೊತೆಗೆ ಒಂದು ಕಾಗದ ಇರಲಿ: "ಈ ಹಣ ನರ್ಸಿಂಗ್ ವಿಭಾಗದ ತರಬೇತಿಗೆ" ಎಂದು ಒಂದೇ ಸಾಲು ಬರೆದು, ಅದರ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಬರೆಯದಿದ್ದರೆ ಅದು ಗೇಟಿಗೆ ಪೇಂಟ್ ಹೊಡೆಯಲು ಹೋದರೂ ಕೇಳುವ ಹಾಗಿಲ್ಲ. ಸರ್ಕಾರಿ ಆಸ್ಪತ್ರೆಗೆ ಕೊಡುವುದಾದರೆ ಅಲ್ಲಿ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಅದರ ಮೂಲಕ ಕೊಟ್ಟು ರಸೀದಿ ಪಡೆಯಿರಿ.

ಸಣ್ಣ ಮೊತ್ತ ಎಂದು ಹಿಂಜರಿಯಬೇಡಿ. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಸಾಕಿತ್ತು. ಆ ಎರಡಾಣೆಗಳೇ ಕೂಡಿ ಕೂಡಿ ಬ್ಯಾಂಕ್ ಬೆಳೆಯಿತು. ಅಮ್ಮ ಹೋದ ವರ್ಷ ನಾನು ನನ್ನ ಕಲೆಕ್ಷನ್ನಿನ ಅಂಗಡಿಗಳಲ್ಲಿ ವಿಷಯ ಹೇಳಿದೆ. 14 ಜನ ಒಪ್ಪಿದರು. ಒಬ್ಬೊಬ್ಬರೂ ಅವರವರ ಹೆಸರಿನಲ್ಲೇ ದಿನಕ್ಕೆ 10 ರೂಪಾಯಿಯ ಇನ್ನೊಂದು ಪಿಗ್ಮಿ ತೆರೆದರು. ವರ್ಷಕ್ಕೆ ಒಬ್ಬರದು 3,650, ಎಲ್ಲರದು ಸೇರಿ 51,100. ನನ್ನ ಹೆಸರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ವರ್ಷ ತುಂಬಿದಾಗ ಅವರವರೇ ತೆಗೆದು ಟ್ರಸ್ಟಿನ ಖಾತೆಗೆ ಹಾಕುತ್ತಾರೆ, ಅವರವರ ಹೆಸರಿಗೇ ರಸೀದಿ ಬರುತ್ತದೆ. ನೀವೂ ಗುಂಪು ಮಾಡುವುದಾದರೆ ಹೀಗೇ ಮಾಡಿ. ಒಬ್ಬರ ಕೈಯಲ್ಲಿ ಎಲ್ಲರ ಹಣ ಸೇರಿದರೆ, ಆ ಮನುಷ್ಯ ಎಷ್ಟೇ ಒಳ್ಳೆಯವನಾದರೂ, ಒಂದು ದಿನ ಮಾತು ಬಂದೇ ಬರುತ್ತದೆ.

ಎಲ್ಲಿ ಕೊಡುವುದು ಎಂದು ಗೊತ್ತಾಗದಿದ್ದರೆ ವಾರ್ಡಿನಲ್ಲಿ ಸುಮ್ನೆ ಒಂದು ಸುತ್ತು ನೋಡಿ. ಕೈ ತೊಳೆಯುವಲ್ಲಿ ಸೋಪು ಇದೆಯಾ? ಮಂಚದ ಹತ್ತಿರ ಕೈಗೆ ಹಚ್ಚುವ ಸ್ಯಾನಿಟೈಸರ್ ಇದೆಯಾ, ಅದರಲ್ಲಿ ದ್ರವ ಇದೆಯಾ? ಡ್ರಿಪ್ಸ್ ಹಾಕಿದ ಕೈಯ ಪ್ಲಾಸ್ಟರಿನ ಮೇಲೆ ತಾರೀಕು ಬರೆದಿದ್ದಾರಾ? ವಯಸ್ಸಾದವರ ಮಂಚದ ಪಕ್ಕದ ಕಂಬಿ ಎತ್ತಿದೆಯಾ? ಆಮೇಲೆ ಸೂಪರಿಂಟೆಂಡೆಂಟರನ್ನು ಕೇಳಿ, ಹೋದ ತಿಂಗಳು ಎಷ್ಟು ಜನರಿಗೆ ಬೆನ್ನು ಹುಣ್ಣಾಯಿತು, ಎಷ್ಟು ಜನ ಬಿದ್ದರು ಎಂದು. "ಇಬ್ಬರಿಗೆ ಆಯಿತು, ಒಬ್ಬರು ಬಿದ್ದರು" ಎಂದು ಪುಸ್ತಕ ತೆರೆದು ತೋರಿಸುವ ಆಸ್ಪತ್ರೆಗೆ ಧೈರ್ಯವಾಗಿ ಕೊಡಿ. ಅವರು ಎಣಿಸುತ್ತಿದ್ದಾರೆ. "ನಮ್ಮಲ್ಲಿ ಅಂಥದ್ದು ಆಗುವುದೇ ಇಲ್ಲ" ಎನ್ನುವವರ ಹತ್ತಿರ ಇನ್ನೊಂದು ಸಲ ಕೇಳಿ. ಆಸ್ಪತ್ರೆಗಳ ಗುಣಮಟ್ಟ ನೋಡುವ ಸಂಸ್ಥೆ ಎನ್‌ಎಬಿಎಚ್‌ನವರು ಆಸ್ಪತ್ರೆಗಳಿಗೆ ನರ್ಸಿಂಗ್ ಎಕ್ಸಲೆನ್ಸ್ ಎಂಬ ಸರ್ಟಿಫಿಕೇಟನ್ನೇ ಕೊಡುತ್ತಾರೆ. ಸಣ್ಣ ಆಸ್ಪತ್ರೆಗೆ ಅದು ಒಮ್ಮೆಲೇ ಆಗುವುದಿಲ್ಲ. ಆದರೆ ಎಣಿಸುವ ಪುಸ್ತಕ ಇಡಲು ಯಾವ ಸರ್ಟಿಫಿಕೇಟೂ ಬೇಡ.

ಹಣವೇ ಇಲ್ಲದವರು ಕೊಡುವುದೂ ಇದೆ. ಡಿಸ್ಚಾರ್ಜ್ ಆಗುವ ದಿನ ಒಂದು ಕಾಗದ ಬರೆಯಿರಿ. "ಎಲ್ಲರೂ ಚೆನ್ನಾಗಿ ನೋಡಿದರು" ಎಂದಲ್ಲ. ಯಾವ ಸಿಸ್ಟರ್, ಯಾವ ರಾತ್ರಿ, ಏನು ಮಾಡಿದರು ಎಂದು ಬರೆಯಿರಿ. ಅದನ್ನು ಸೂಪರಿಂಟೆಂಡೆಂಟರ ಕೈಗೆ ಕೊಡಿ. ಸಿಸ್ಟರ ಕೈಗೆ ಗುಟ್ಟಾಗಿ ನೋಟು ತುರುಕಬೇಡಿ, ಅದರಿಂದ ಅವರಿಗೇ ತೊಂದರೆ. ಅಮೆರಿಕದಲ್ಲಿ 1999ರಲ್ಲಿ 33 ವರ್ಷದ ಪ್ಯಾಟ್ರಿಕ್ ಬಾರ್ನ್ಸ್ ತೀರಿಕೊಂಡಾಗ ಮನೆಯವರು ಅವರ ನೆನಪಿಗೆ, ನೋಡಿಕೊಂಡ ನರ್ಸ್‌ಗಳಿಗೆ ಕೃತಜ್ಞತೆಯೆಂದು ಒಂದು ಪ್ರಶಸ್ತಿ ಶುರು ಮಾಡಿದರು. ಡೇಸಿ ಪ್ರಶಸ್ತಿ ಎನ್ನುತ್ತಾರೆ. ರೋಗಿಗಳೂ ಮನೆಯವರೂ ಬರೆದ ಇಂಥ ಮಾತುಗಳನ್ನೂ ನೋಡಿ ಅದಕ್ಕೆ ನರ್ಸ್‌ಗಳನ್ನು ಆರಿಸುವುದು. ನಮ್ಮ ವಾರ್ಡಿನಲ್ಲಿ ನಾವು ಒಂದು ನೋಟ್‌ಬುಕ್ ಇಟ್ಟಿದ್ದೇವೆ, ದಾರದಲ್ಲಿ ಕಟ್ಟಿದ ಪೆನ್ನಿನ ಜೊತೆಗೆ. ಮೇ 12, ನರ್ಸ್‌ಗಳ ದಿನದಂದು, ಅದರಲ್ಲಿದ್ದುದನ್ನು ಓದುತ್ತಾರೆ. ಹೋದ ವರ್ಷ ಒಬ್ಬ ಅಜ್ಜಿ ಬರೆಸಿದ್ದರು: "ಹುಡುಗಿ ಗಂಜಿ ಆರಿಸಿ ಆರಿಸಿ ಕುಡಿಸಿದಳು. ನಡುವೆ ಫೋನ್ ನೋಡಲಿಲ್ಲ."

ಆ ಪುಸ್ತಕದಿಂದ ಇನ್ನೊಂದು ಕೆಲಸವೂ ಆಯಿತು. ಸಿಸ್ಟರ್ ತುಳುವಿನಲ್ಲಿ ಮಾತಾಡಿದ್ದನ್ನು ತುಂಬಾ ಜನ ಬರೆದಿದ್ದರು. ನಮ್ಮ ಗುಂಪಿನ ಒಬ್ಬರು ನಿವೃತ್ತ ಟೀಚರ್ ಈಗ ಹೊರಗಿನಿಂದ ಹೊಸದಾಗಿ ಬಂದ ಸಿಸ್ಟರ್‌ಗಳಿಗೆ ಶನಿವಾರ ಒಂದು ಗಂಟೆ ತುಳು, ಕನ್ನಡ ಹೇಳಿಕೊಡುತ್ತಾರೆ. "ಬೇನೆ ಉಂಡಾ?", "ಒಣಸ್ ಆಂಡಾ?" (ಊಟ ಆಯಿತಾ?) ಅಲ್ಲಿಂದ ಶುರು. ಖರ್ಚು ಏನೂ ಇಲ್ಲ, ಒಂದು ಚಾ ಮಾತ್ರ.

ಕೊಟ್ಟ ಮೇಲೆ ಆರು ತಿಂಗಳಿಗೊಮ್ಮೆ ಹೋಗಿ ನೋಡಿ. ತಪ್ಪು ಹುಡುಕಲು ಅಲ್ಲ, ಮುಂದೆ ಏನು ಬೇಕು ಎಂದು ತಿಳಿದು ಬರಲು. ಹೋದ ವಾರ ನಾನು ಹೋಗಿದ್ದೆ. ಹೊರಗೆ ಜೋರು ಮಳೆ. ಕಾರಿಡಾರಿನ ಉದ್ದಕ್ಕೂ ಹಗ್ಗ ಕಟ್ಟಿ ಬೆಡ್‌ಶೀಟ್ ಹರಡಿದ್ದರು, ಮೂರು ದಿನವಾದರೂ ಒಣಗಿರಲಿಲ್ಲ. ಹಾಸಿಗೆ ಹಿಡಿದವರಿಗೆ ದಿನಕ್ಕೆ ನಾಲ್ಕು ಶೀಟ್ ಬೇಕಾಗುತ್ತದೆ. ಹಸಿ ಶೀಟ್ ಹಾಕಿದರೆ ಚರ್ಮ ಮೆತ್ತಗಾಗಿ ಹುಣ್ಣು ಬೇಗ ಆಗುತ್ತದೆ. ಹಿಂದಿನ ರಾತ್ರಿ ಏನನ್ನು ಹುಡುಕಿಕೊಂಡು ಓಡಿದಿರಿ ಎಂದು ಕೇಳಿದೆ. ಇನ್‌ಚಾರ್ಜ್ ಸಿಸ್ಟರ್ ಹಗ್ಗದ ಕಡೆ ಕೈ ತೋರಿಸಿ, "ಒಣಗಿದ ಶೀಟ್, ಅಣ್ಣ" ಎಂದರು. ಬಟ್ಟೆ ಒಣಗಿಸುವ ಮೆಷಿನ್ನಿನ ರೇಟು ಕೇಳಲು ನಾಳೆ ಮಂಗಳೂರಿಗೆ ಹೋಗುತ್ತಿದ್ದೇನೆ. ಸರ್ವಿಸ್ ಖರ್ಚನ್ನೂ ಸೇರಿಸಿಯೇ ಕೇಳುತ್ತೇನೆ.